ಎರವಲು ಹೆಸರಿನ ಆಟಗಾರ ಮಿನ್ನೆಸೋಟಾ ಫ್ಯಾಟ್ಸ್

ಕೇರಂ ಬೋರ್ಡಿನ ಮುಂದೆ ನಾವು ಒಮ್ಮೆ 350 ರೂಪಾಯಿ ಕಳೆದುಕೊಂಡಿದ್ದೇವೆ. ಡಿಪ್ಲೊಮಾ ಓದುತ್ತಿದ್ದ ಕಾಲ. ಎಮ್ಮೆದೊಡ್ಡಿ ಕಡೆ ಹೋಗುವ ಸಂಜೆ ಬಸ್ಸಿಗೆ ಇನ್ನೂ ಎರಡು ಗಂಟೆ ಬಾಕಿ ಇತ್ತು. ಬಸ್ ನಿಲ್ದಾಣದ ಹಿಂದಿನ ಒಂದು ರೂಮಿನಲ್ಲಿ ಕೇರಂ ಆಡಿಸುತ್ತಿದ್ದರು. ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ನಡುವಯಸ್ಸಿನವ ಎದುರು ಕೂತ. ಸ್ಟ್ರೈಕರ್ ಹಿಡಿಯೋದೇ ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ಮೊದಲ ಬೋರ್ಡ್ ಟೀ ಲೆಕ್ಕಕ್ಕೆ, ನಾವೇ ಗೆದ್ದೆವು. ಎರಡನೆಯದು 20 ರೂಪಾಯಿಗೆ, ಅದನ್ನೂ ನಾವೇ ಗೆದ್ದೆವು. ಮೂರನೆಯದು ಕೂದಲೆಳೆಯಲ್ಲಿ ಅವನ ಪಾಲಾಯಿತು. "ಇವತ್ತು ಏನೋ ಕೈ ಹತ್ತಿಬಿಡ್ತು ತಮ್ಮಾ, ಬೇಡ ಬಿಡು, ಬಸ್ಸಿಗೆ ಹೊತ್ತಾಯ್ತು" ಅಂದ. ಬಿಡುವುದಕ್ಕೆ ನಮಗೇ ಮನಸ್ಸಾಗಲಿಲ್ಲ. ಕೊನೆಯ ಬೋರ್ಡಿನಲ್ಲಿ ಕ್ವೀನ್ ಸಮೇತ ಅಷ್ಟೂ ಕಾಯಿಯನ್ನು ಅವನು ಒಂದೇ ಕೈಗೆ ಒಳಗೆ ಹಾಕಿದ. ಸ್ಟ್ರೈಕರ್ ಹಿಡಿದ ಬೆರಳು ಆಗ ಬೇರೆಯೇ ಥರ ಕಾಣುತ್ತಿತ್ತು. ಹೊರಡುವಾಗ ಬಸ್ ಚಾರ್ಜಿಗೆ ಅಂತ ಅವನೇ ನಮ್ಮ ಕೈಗೆ ದುಡ್ಡು ಕೊಟ್ಟ. ಸೋತದ್ದಕ್ಕಿಂತ ಆ ಬಸ್ ಚಾರ್ಜೇ ನಮ್ಮ ಮನಸ್ಸಿನಲ್ಲಿ ಹೆಚ್ಚು ಉಳಿದಿದೆ.

ಇಂಥವರಿಗೆ ಅಮೆರಿಕದಲ್ಲಿ ಹಸ್ಲರ್ ಅನ್ನುತ್ತಾರೆ. ಚೆನ್ನಾಗಿ ಆಡಲು ಬರುವವನು ಬರದವನಂತೆ ನಟಿಸಿ, ಎದುರಿನವನ ಬಾಯಿಂದಲೇ ಪಣ ಏರಿಸುವ ಕಸುಬು ಅದು. ಆ ಕಸುಬಿನಲ್ಲಿ ಜಗತ್ತಿನಲ್ಲೇ ಹೆಚ್ಚು ಹೆಸರಾದವನು ಮಿನ್ನೆಸೋಟಾ ಫ್ಯಾಟ್ಸ್. 1996ರ ಜನವರಿಯಲ್ಲಿ ತೀರಿಕೊಂಡ. ಈಗ ಮೂವತ್ತು ವರ್ಷವಾಯಿತು. ಅಷ್ಟು ದೂರದವನ ಕಥೆ ನಮಗ್ಯಾಕೆ ಅಂತ ನೀವು ಕೇಳಬಹುದು. ಬಸ್ ನಿಲ್ದಾಣದ ಹಿಂದೆ ಕೂತಿದ್ದ ಆ ಟವೆಲ್‌ನವನನ್ನು ನಮಗೆ ಅರ್ಥ ಮಾಡಿಸಿದವನು ಇವನೇ. ಅದಕ್ಕೆ ಬರೆಯುತ್ತಿದ್ದೇವೆ.

ಮೊದಲು ಆಟದ ಬಗ್ಗೆ ಎರಡು ಮಾತು. ಕೇರಂ ಬೋರ್ಡಿಗೆ ನಾಲ್ಕು ತೂತು. ಪೂಲ್ ಆಟದ ಟೇಬಲ್‌ಗೆ ಆರು, ಮೂಲೆಗೊಂದರಂತೆ ನಾಲ್ಕು ಮತ್ತು ಉದ್ದ ಬದಿಯ ನಡುವೆ ಎರಡು. ಕಾಯಿಗಳ ಜಾಗದಲ್ಲಿ ನಂಬರ್ ಹಾಕಿದ 15 ಚೆಂಡು, ಸ್ಟ್ರೈಕರ್ ಜಾಗದಲ್ಲಿ ಒಂದು ಬಿಳಿ ಚೆಂಡು, ಬೆರಳಿನ ಜಾಗದಲ್ಲಿ ಒಂದು ಉದ್ದದ ಕೋಲು. ಇದರ ಸೋದರ ಆಟ ಸ್ನೂಕರ್ ಹುಟ್ಟಿದ್ದು ನಮ್ಮ ದೇಶದಲ್ಲೇ. 1875ರಲ್ಲಿ ಜಬಲ್ಪುರದಲ್ಲಿದ್ದ ನೆವಿಲ್ ಚೇಂಬರ್ಲೇನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಅದನ್ನು ಶುರು ಮಾಡಿದ. 1882ರಲ್ಲಿ, ನಮ್ಮ ಗುಂಡ್ಲುಪೇಟೆ ದಾಟಿದರೆ ಸಿಗುವ ಊಟಿಯ ಕ್ಲಬ್ಬಿನಲ್ಲಿ ಅದರ ನಿಯಮಗಳು ಬರಹಕ್ಕೆ ಬಂದವು. ಬಹಳ ಕಾಲ ಅದು ದೊರೆಗಳ, ಕಾಫಿ ಪ್ಲಾಂಟರುಗಳ ಕ್ಲಬ್ಬಿನೊಳಗಿನ ಆಟವಾಗಿಯೇ ಉಳಿಯಿತು. ಈಗ ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಿಂದ ಶುರುಮಾಡಿ ಇಪ್ಪತ್ತೈದಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದಿದ್ದಾರೆ. ಹಸಿರು ಬಟ್ಟೆ ಹಾಸಿದ ಟೇಬಲ್ಲು ಕರ್ನಾಟಕಕ್ಕೇನೂ ಹೊಸದಲ್ಲ.

ಅಮೆರಿಕದಲ್ಲಿ ಹಾಗಿರಲಿಲ್ಲ. ಅಲ್ಲಿ ಪೂಲ್ ಅಂದರೆ ಕಲ್ಲಿದ್ದಲು ಗಣಿಯವರು, ಲಾರಿಯವರು, ನಾವಿಕರು ಸಂಬಳದ ದಿನ ಸೇರುವ ಹೊಗೆ ತುಂಬಿದ ರೂಮು.

ನಮ್ಮ ಕಥೆಯವನ ನಿಜವಾದ ಹೆಸರು ರುಡಾಲ್ಫ್ ವಾಂಡರೋನ್. ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದ ಕುಟುಂಬ. 1913ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ. ಮಿನ್ನೆಸೋಟಾ ಎಂಬ ರಾಜ್ಯಕ್ಕೂ ಅವನಿಗೂ ಹುಟ್ಟಿನ ಸಂಬಂಧವೇ ಇಲ್ಲ. ವಯಸ್ಸು ಕೇಳಿದರೆ ಒಂದೊಂದು ಸಲ ಒಂದೊಂದು ಹೇಳುತ್ತಿದ್ದ. ಸತ್ತಾಗ ಪತ್ರಿಕೆಗಳಿಗೂ ಅದೇ ಪೇಚಾಟ: 82 ಅಂತ ಬರೆಯೋದೋ, 95 ಅಂತ ಬರೆಯೋದೋ! ಹುಡುಗನಿದ್ದಾಗಲೇ ಅಪ್ಪ ಯುರೋಪಿಗೆ ಕರೆದುಕೊಂಡು ಹೋಗಿ ಎರಿಕ್ ಹಾಗನ್‌ಲೋಹರ್ ಎಂಬ ಜರ್ಮನ್ ಬಿಲಿಯರ್ಡ್ಸ್ ಆಟಗಾರನ ಹತ್ತಿರ ಪಾಠ ಹೇಳಿಸಿದ್ದ. ಅಂದರೆ ಇವನು ಆಟ ಬರದೆ ಬರೀ ಬಾಯಲ್ಲಿ ಬದುಕಿದವನಲ್ಲ. ಕೈ ಇತ್ತು. ಕೈಗಿಂತ ಬಾಯಿ ಜೋರಿತ್ತು, ಅಷ್ಟೇ.

ಆಗ ಅವನಿಗಿದ್ದ ಹೆಸರು ನ್ಯೂಯಾರ್ಕ್ ಫ್ಯಾಟ್ಸ್, ಬ್ರಾಡ್‌ವೇ ಫ್ಯಾಟ್ಸ್. ಫ್ಯಾಟ್ಸ್ ಅಂದರೆ ದಪ್ಪಯ್ಯ. ನಮ್ಮೂರುಗಳಲ್ಲಿ ಗುಂಡಣ್ಣ, ಕರಿಯಣ್ಣ ಅಂತ ಕರೆಯುವ ಹಾಗೆ. ಊರಿಂದ ಊರಿಗೆ ಕಾರಿನಲ್ಲಿ ಹೋಗುವುದು, ಪೂಲ್ ರೂಮು ಹುಡುಕುವುದು, ಹರಟುವುದು, ಆಡುವುದು, ದುಡ್ಡಿನೊಂದಿಗೆ ಮಾಯವಾಗುವುದು. ಜೀವಮಾನದಲ್ಲಿ ಒಂದು ದಿನವೂ ಮೈಬಗ್ಗಿಸಿ ಕೆಲಸ ಮಾಡಿಲ್ಲ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಅವನಿಗೆ ಹೆಚ್ಚು ಇಷ್ಟವಾಗಿದ್ದ ಆಟದ ಹೆಸರು ಒನ್ ಪಾಕೆಟ್. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಅವನ ಬುದ್ಧಿ ಇರುವುದೇ ಇಲ್ಲಿ. ಆರು ತೂತಿದ್ದರೂ ಒಬ್ಬೊಬ್ಬನಿಗೆ ಒಂದೊಂದು ಮೂಲೆಯ ತೂತು ಮಾತ್ರ ಲೆಕ್ಕ. ತನ್ನ ತೂತಿಗೆ ಮೊದಲು 8 ಚೆಂಡು ಹಾಕಿದವನು ಗೆದ್ದ. ಕೇಳಲು ಸುಲಭ. ಆಡುವಾಗ ಚೆಂಡು ಹಾಕುವುದಕ್ಕಿಂತ ಎದುರಿನವನಿಗೆ ಹಾಕಲು ಬಿಡದೇ ಇರುವುದೇ ದೊಡ್ಡ ಕೆಲಸ. ನಿಧಾನದ ಆಟ, ತಾಳ್ಮೆಯ ಆಟ. ನಡುನಡುವೆ ಮಾತಿಗೆ ಬೇಕಾದಷ್ಟು ಬಿಡುವು.

ಇದರಲ್ಲಿ ಇನ್ನೂ ಒಂದು ಗುಟ್ಟಿದೆ. ಆಟ ಶುರುವಾಗುವ ಮೊದಲೇ ಚೌಕಾಸಿ ನಡೆಯುತ್ತದೆ. "ನೀನು ನನಗಿಂತ ಕಡಿಮೆ ಆಟಗಾರ, ನೀನು ಏಳು ಹಾಕಿದರೆ ಸಾಕು, ನಾನು ಒಂಬತ್ತು ಹಾಕುತ್ತೇನೆ" ಅಂತ ರಿಯಾಯಿತಿ ಕೊಡುತ್ತಾರೆ. ಆ ರಿಯಾಯಿತಿ ಎಷ್ಟಿರಬೇಕು ಅನ್ನುವಲ್ಲೇ ಅರ್ಧ ಆಟ ಮುಗಿದಿರುತ್ತದೆ. ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಜೋಡಿ ಎತ್ತಿಗೆ ದರ ಕುದುರಿಸುವ ದಲ್ಲಾಳಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎತ್ತಿನ ಹಲ್ಲು ನೋಡುವುದು ಆಮೇಲೆ, ದಲ್ಲಾಳಿ ಮೊದಲು ನೋಡುವುದು ಕೊಳ್ಳುವವನ ಮುಖ. ಫ್ಯಾಟ್ಸ್ ಕೂಡ ಹಾಗೇ.

ಶಕುನಿಯ ದಾಳದಲ್ಲಿ ಮೋಸ ಇತ್ತು ಅಂತ ನಾವೆಲ್ಲ ಕೇಳಿ ಬೆಳೆದಿದ್ದೇವೆ. ಹಸ್ಲರ್‌ನ ಕೋಲಿನಲ್ಲಾಗಲಿ ಚೆಂಡಿನಲ್ಲಾಗಲಿ ಮೋಸ ಇರುವುದಿಲ್ಲ. ಅವನು ಗೆದ್ದ ಆಟ ನೂರಕ್ಕೆ ನೂರು ಅಸಲಿ. ಮೋಸ ಇರುವುದು ಅವನು ಸೋತ ಆಟದಲ್ಲಿ. ಮೊದಲ ಎರಡು ಬೋರ್ಡ್ ನಾವು ಗೆದ್ದದ್ದು ಹೇಗೆ ಅಂತ ಆ ಸಂಜೆ ಬಸ್ಸಿನಲ್ಲಿ ಕೂತು ಯೋಚಿಸಿದ್ದರೆ ನಮಗೂ ತಿಳಿಯುತ್ತಿತ್ತು. ನಾವು ಯೋಚಿಸುತ್ತಿದ್ದದ್ದು ಕೊನೆಯ ಬೋರ್ಡಿನ ಬಗ್ಗೆ.

ಮೊಬೈಲಿನಲ್ಲಿ ರಮ್ಮಿ, ಬೆಟ್ಟಿಂಗ್ ಆಡಿದವರಿಗೂ ಆ ಮೊದಲ ಗೆಲುವು ಗೊತ್ತಿರುತ್ತದೆ. ಸೇರಿದ ಕೂಡಲೇ ಬರುವ ಬೋನಸ್ಸು, ಮೊದಲ ದಿನದ ಸಣ್ಣ ಲಾಭ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಕಾಯ್ದೆ ತಿದ್ದಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ನಿಷೇಧದ ಕಾಯ್ದೆ ಅಂಗೀಕರಿಸಿತು. ಒಂದು ವ್ಯತ್ಯಾಸ ಮಾತ್ರ ನಮ್ಮನ್ನು ಕಾಡುತ್ತದೆ. ಟವೆಲ್‌ನವನು ಬಸ್ ಚಾರ್ಜು ವಾಪಸ್ ಕೊಟ್ಟಿದ್ದ. ಎದುರು ಕೂತವನ ಮುಖ ಅವನಿಗೆ ಕಾಣುತ್ತಿತ್ತು.

ಫ್ಯಾಟ್ಸ್ ಕಥೆಗೆ ಮರಳೋಣ. 1941ರಲ್ಲಿ ಅವನು ಇಲಿನಾಯ್ ರಾಜ್ಯದ ದಕ್ಷಿಣ ತುದಿಗೆ ಬಂದ. ಕಲ್ಲಿದ್ದಲು ಗಣಿಗಳ ಸೀಮೆ, ಜೂಜಿಗೂ ಹೆಸರಾದ ಸೀಮೆ. ಅಲ್ಲಿನ ಡು ಕ್ವಾಯ್ನ್ ಎಂಬ ಸಣ್ಣ ಪಟ್ಟಣದಲ್ಲಿ ಎವಲಿನ್ ಎಂಬಾಕೆಯ ಪರಿಚಯವಾಗಿ ಎರಡೇ ತಿಂಗಳಲ್ಲಿ ಮದುವೆಯಾದ. ಪಕ್ಕದ ಡೌವೆಲ್ ಎಂಬ ಹಳ್ಳಿಯಲ್ಲಿ ಮನೆ ಮಾಡಿದ. ಕೆಲವೇ ನೂರು ಜನರ ಊರು. ಎರಡನೇ ಮಹಾಯುದ್ಧದ ಕಾಲದಲ್ಲಿ ಹಡಗುಕಟ್ಟೆಯ ಊರಾದ ನಾರ್ಫೋಕ್‌ಗೆ ಹೋಗಿ ನಾವಿಕರ, ಕಾರ್ಮಿಕರ ಜೇಬಿನಿಂದ ಚೆನ್ನಾಗಿ ದುಡಿದ. ಯುದ್ಧ ಮುಗಿದ ಮೇಲೆ ಮತ್ತೆ ಡೌವೆಲ್‌ಗೆ. ಅಲ್ಲಿ ಬೀದಿ ನಾಯಿ, ಬೆಕ್ಕುಗಳನ್ನು ಮನೆ ತುಂಬ ಸಾಕಿದ್ದ. ಮನುಷ್ಯರ ದುಡ್ಡು ಕಿತ್ತುಕೊಳ್ಳುವಾಗ ಕೈ ನಡುಗದವನು ನಾಯಿಮರಿ ಕಂಡರೆ ಕಾರು ನಿಲ್ಲಿಸುತ್ತಿದ್ದನಂತೆ. ಜನ ಹೀಗೂ ಇರುತ್ತಾರೆ.

1950ರ ದಶಕದ ಕೊನೆಗೆ ಪೂಲ್ ರೂಮುಗಳು ಒಂದೊಂದಾಗಿ ಬಾಗಿಲು ಮುಚ್ಚತೊಡಗಿದವು. ಫ್ಯಾಟ್ಸ್‌ಗೂ ಐವತ್ತು ಹತ್ತಿರವಾಗುತ್ತಿತ್ತು. ಕಥೆ ಅಲ್ಲಿಗೇ ಮುಗಿಯಬೇಕಿತ್ತು.

ಅಷ್ಟರಲ್ಲಿ ಒಂದು ಸಿನಿಮಾ ಬಂತು. ವಾಲ್ಟರ್ ಟೆವಿಸ್ ಎಂಬ ಲೇಖಕ 1959ರಲ್ಲಿ 'ದಿ ಹಸ್ಲರ್' ಎಂಬ ಕಾದಂಬರಿ ಬರೆದಿದ್ದರು. 1961ರಲ್ಲಿ ಅದೇ ಹೆಸರಿನ ಕಪ್ಪು ಬಿಳುಪು ಚಿತ್ರವಾಯಿತು. ಎಡ್ಡಿ ಎಂಬ ಯುವ ಹಸ್ಲರ್ ಪಾತ್ರದಲ್ಲಿ ಪಾಲ್ ನ್ಯೂಮನ್. ಅವನು ಸೋಲಿಸಬೇಕೆಂದು ಹುಡುಕಿಕೊಂಡು ಬರುವ ದಪ್ಪ ದೇಹದ, ಅಚ್ಚುಕಟ್ಟು ಉಡುಪಿನ ಚಾಂಪಿಯನ್ ಮಿನ್ನೆಸೋಟಾ ಫ್ಯಾಟ್ಸ್ ಪಾತ್ರದಲ್ಲಿ ಜಾಕಿ ಗ್ಲೀಸನ್. ಹುಡುಗ ರಾತ್ರಿಯಿಡೀ ಗೆಲ್ಲುತ್ತಾನೆ, ಕುಡಿಯುತ್ತಾನೆ, ಕೊಬ್ಬುತ್ತಾನೆ, ನಿಲ್ಲಿಸುವುದಿಲ್ಲ. ಸೋಲುತ್ತಿರುವ ಫ್ಯಾಟ್ಸ್ ಎದ್ದು ಹೋಗಿ ಕೈ ಮುಖ ತೊಳೆದು, ಅಂಗೈಗೆ ಪೌಡರ್ ಹಚ್ಚಿ, ಆಗಷ್ಟೇ ಮನೆಯಿಂದ ಬಂದವನಂತೆ ಟೇಬಲ್ ಮುಂದೆ ನಿಲ್ಲುತ್ತಾನೆ. ಅಲ್ಲಿಂದ ಆಟ ತಿರುಗುತ್ತದೆ. ಮಾತು ಕಡಿಮೆ, ಘನತೆ ಹೆಚ್ಚು ಇರುವ ಪಾತ್ರ ಅದು.

ನಮ್ಮ ವಾಂಡರೋನ್ ಆ ಚಿತ್ರ ಬಂದ ಕೂಡಲೇ, "ಅದು ನನ್ನದೇ ಕಥೆ, ನಾನೇ ಮಿನ್ನೆಸೋಟಾ ಫ್ಯಾಟ್ಸ್" ಅಂದುಬಿಟ್ಟ.

ಟೆವಿಸ್ ಒಪ್ಪಲಿಲ್ಲ. ಆ ಪಾತ್ರವನ್ನು ಹೆಸರು ಸಮೇತ ನಾನೇ ಕಲ್ಪಿಸಿದ್ದು, ಡಿಸ್ನಿಯವರು ಡೊನಾಲ್ಡ್ ಡಕ್ ಎಂಬ ಬಾತುಕೋಳಿಯನ್ನು ಕಲ್ಪಿಸಿದ ಹಾಗೆ ಅಂತ ಹೇಳಿದರು. 1984ರಲ್ಲಿ ಸಾಯುವವರೆಗೂ ಅವರು ಈ ಮಾತು ಬಿಡಲಿಲ್ಲ. ಯಾರು ಕೇಳಬೇಕು? ದಪ್ಪ ಇದ್ದ, ಪೂಲ್ ಆಡುತ್ತಿದ್ದ, ಮಾತಿಗೆ ಕೂತರೆ ವರದಿಗಾರರ ನೋಟ್‌ಬುಕ್ ತುಂಬಿಸುತ್ತಿದ್ದ. ವರದಿಗಾರರಿಗೆ ಅಷ್ಟು ಸಾಕು. ನಮ್ಮ ಕಸುಬಿನವರ ಈ ದೌರ್ಬಲ್ಯವನ್ನು ನಾವೇ ಒಪ್ಪಿಕೊಳ್ಳಬೇಕು. ಜಾತ್ರೆ ವರದಿಗೆ ಹೋದರೆ ನಾವೂ ಮೊದಲು ಮೈಕ್ ಹಿಡಿಯುವುದು ಚೆನ್ನಾಗಿ ಮಾತಾಡುವವನ ಮುಂದೆಯೇ. ನಿಜ ಗೊತ್ತಿರುವವನು ಬಹಳ ಸಲ ಹಿಂದೆ ನಿಂತಿರುತ್ತಾನೆ.

ಅದೇ 1961ರಲ್ಲಿ ಡೌವೆಲ್‌ಗೆ ದೂರವಲ್ಲದ ಜಾನ್ಸ್‌ಟನ್ ಸಿಟಿ ಎಂಬ ಗಣಿ ಪಟ್ಟಣದಲ್ಲಿ ಜಾನ್ಸ್ಕೊ ಎಂಬ ಅಣ್ಣತಮ್ಮಂದಿರು ಹಸ್ಲರ್‌ಗಳದ್ದೇ ಒಂದು ಪಂದ್ಯಾವಳಿ ಶುರು ಮಾಡಿದರು. ದೇಶದ ಮೂಲೆಮೂಲೆಯಿಂದ ಜೂಜಾಟಗಾರರು ಬಂದರು. ಹೆಸರಿಗೆ ಪಂದ್ಯಾವಳಿ, ಅಸಲಿ ಆಟ ಪಂದ್ಯ ಮುಗಿದ ಮೇಲೆ ರಾತ್ರಿ. ಟಿವಿಯವರೂ ಬಂದರು. 1972ರಲ್ಲಿ ಕೇಂದ್ರದ ಅಧಿಕಾರಿಗಳು ದಾಳಿ ಮಾಡುವವರೆಗೂ ಆ ಜಾತ್ರೆ ನಡೆಯಿತು.

ಅಲ್ಲಿಗೆ ಬಂದ ಹಸ್ಲರ್‌ಗಳಲ್ಲಿ ಬಹಳ ಮಂದಿಗೆ ಕ್ಯಾಮೆರಾ ಅಂದರೆ ಇರಿಸುಮುರಿಸು. ಕಾರಣ ಸರಳ. ಗುರುತು ಸಿಗದಿರುವುದೇ ಹಸ್ಲರ್‌ನ ಬಂಡವಾಳ. ಮುಖ ಪೇಪರಿನಲ್ಲಿ ಬಂದರೆ ಮುಂದಿನ ಊರಿನಲ್ಲಿ ಯಾರು ಪಣ ಕಟ್ಟುತ್ತಾರೆ? ಫ್ಯಾಟ್ಸ್ ಮಾತ್ರ ಕ್ಯಾಮೆರಾ ಮುಂದೆ ಹೋಗಿ ನಿಂತ. ಮೂವತ್ತು ವರ್ಷ ಕಾಪಾಡಿಕೊಂಡಿದ್ದ ಬಂಡವಾಳವನ್ನು ಒಂದೇ ಏಟಿಗೆ ಮಾರಿ, ಅದರಲ್ಲಿ ಒಂದು ಸುಳ್ಳು ಹೆಸರು ಕೊಂಡುಕೊಂಡ. ನಮ್ಮ ಲೆಕ್ಕದಲ್ಲಿ ಅವನ ಜೀವನದ ದೊಡ್ಡ ಪಣ ಅದೇ. ಪೂಲ್ ರೂಮಿನಲ್ಲಿ ಕಟ್ಟಿದ್ದು ಯಾವುದೂ ಅದಕ್ಕೆ ಸಮವಲ್ಲ.

ಆ ಪಣ ಗೆದ್ದಿತು. ಟೇಬಲ್ ತಯಾರಿಸುವ ಒಂದು ಕಂಪನಿ ಅವನನ್ನು ದೊಡ್ಡ ಹುದ್ದೆಯ ಹೆಸರಿಟ್ಟು ಪ್ರಚಾರಕ್ಕೆ ಇಟ್ಟುಕೊಂಡಿತು. ಟಿವಿಯಲ್ಲಿ 'ಸೆಲೆಬ್ರಿಟಿ ಬಿಲಿಯರ್ಡ್ಸ್' ಎಂಬ ಅವನದ್ದೇ ಕಾರ್ಯಕ್ರಮ ಬಂತು. 1966ರಲ್ಲಿ ಆತ್ಮಕಥೆ ಬಂತು. ಮುಚ್ಚಿದ್ದ ಪೂಲ್ ರೂಮುಗಳು ಮತ್ತೆ ತೆರೆದವು, ಈ ಸಲ ಹೆಂಗಸರು ಮಕ್ಕಳೂ ಬರುವಂತೆ. ಇದಕ್ಕೆ ಚಿತ್ರ ಎಷ್ಟು ಕಾರಣ, ಇವನ ಬಾಯಿ ಎಷ್ಟು ಕಾರಣ ಅಂತ ತೂಕ ಹಾಕಲು ಆಗದು. ಎರಡೂ ಇತ್ತು.

ಇದನ್ನೆಲ್ಲ ನೋಡಿ ಹೊಟ್ಟೆ ಉರಿದುಕೊಂಡವರು ಒಬ್ಬರಿದ್ದರು. ಅವರ ಹೊಟ್ಟೆಯುರಿ ನ್ಯಾಯವಾದದ್ದೇ.

ಅವರು ವಿಲ್ಲಿ ಮಾಸ್ಕೋನಿ. ಅವರೂ ಹುಟ್ಟಿದ್ದು 1913ರಲ್ಲೇ, ಫಿಲಡೆಲ್ಫಿಯಾದಲ್ಲಿ. ಅಪ್ಪನದ್ದೇ ಪೂಲ್ ರೂಮು. ಮಗ ಆಟಕ್ಕೆ ಬೀಳುವುದು ಬೇಡ ಅಂತ ಅಪ್ಪ ಚೆಂಡುಗಳನ್ನು ಬೀಗ ಹಾಕಿಡುತ್ತಿದ್ದ. ಹುಡುಗ ಅಡುಗೆಮನೆಯಿಂದ ಸಣ್ಣ ಆಲೂಗಡ್ಡೆ ತಂದು, ಕಸಬರಿಗೆಯ ಕೋಲಿನಿಂದ ಹೊಡೆದು ಕಲಿತ. ಮುಂದೆ 1941ರಿಂದ 1957ರ ನಡುವೆ 15 ಸಲ ವಿಶ್ವ ಚಾಂಪಿಯನ್ ಆದರು. 1954ರಲ್ಲಿ ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಂದೂ ತಪ್ಪದೆ ಸತತ 526 ಚೆಂಡು ಹಾಕಿದರು. ದಶಕಗಳ ಕಾಲ ಅದನ್ನು ಯಾರೂ ಮುರಿಯಲಿಲ್ಲ. ಯಾವಾಗಲೂ ಕೋಟು, ಟೈ. ಈ ಆಟಕ್ಕೆ ಅಂಟಿದ ಜೂಜಿನ ಕಳಂಕ ತೊಳೆಯಬೇಕು ಎನ್ನುವುದು ಅವರ ಹಟ. ಆ ಸಿನಿಮಾಕ್ಕೆ ಆಟದ ಸಲಹೆಗಾರರಾಗಿದ್ದವರೂ ಅವರೇ. ಚಿತ್ರದಲ್ಲಿ ಪಣದ ದುಡ್ಡು ಹಿಡಿದು ನಿಲ್ಲುವ ಸಣ್ಣ ಪಾತ್ರದಲ್ಲಿ ಕಾಣಿಸಿಕೊಂಡಿದ್ದಾರೆ ಕೂಡ. ಚಿತ್ರಕ್ಕೆ ಕೈಯಾರೆ ಕೆಲಸ ಮಾಡಿದ್ದು ಮಾಸ್ಕೋನಿ, ಚಿತ್ರದಿಂದ ಹೆಸರು ಹೊತ್ತುಕೊಂಡು ಹೋದದ್ದು ಫ್ಯಾಟ್ಸ್!

ನೀವು ಗಮನಿಸಿರಬಹುದು, ಮಾಸ್ಕೋನಿಗೆ 'ಅವರು' ಎನ್ನುತ್ತಿದ್ದೇವೆ, ಫ್ಯಾಟ್ಸ್‌ಗೆ 'ಅವನು'. ಬೇಕೆಂದು ಮಾಡಿದ್ದಲ್ಲ, ಬರೆಯುತ್ತಾ ಹಾಗೇ ಬಂತು. ಗೌರವ ಕೊಡಬೇಕಾದವರನ್ನು ಬಹುವಚನದಲ್ಲಿ ದೂರ ನಿಲ್ಲಿಸುತ್ತೇವೆ, ಕಥೆ ಹೇಳುವವನನ್ನು ಏಕವಚನದಲ್ಲಿ ಪಕ್ಕಕ್ಕೆ ಕರೆದು ಕೂರಿಸಿಕೊಳ್ಳುತ್ತೇವೆ. ಅಮೆರಿಕದ ಜನ ಮಾಡಿದ್ದೂ ಬಹುಶಃ ಇದನ್ನೇ. ಫ್ಯಾಟ್ಸ್ ಒಂದೇ ಒಂದು ದೊಡ್ಡ ಪಂದ್ಯಾವಳಿಯನ್ನೂ ಗೆದ್ದವನಲ್ಲ. ದುಡ್ಡು ಕಟ್ಟಿದ ಆಟದಲ್ಲಿ ತಾನು ಸೋತೇ ಇಲ್ಲ ಅಂತ ಕೊಚ್ಚಿಕೊಳ್ಳುತ್ತಿದ್ದ. ಅಂಥ ಆಟಗಳಿಗೆ ದಾಖಲೆ ಇಡುವವರು ಯಾರು? ಸಾಮಾನ್ಯ ಅಮೆರಿಕನ್ನನಿಗೆ ಪೂಲ್ ಆಟಗಾರ ಅಂದರೆ ಇವನೇ.

ಕೊನೆಗೆ 1978ರ ಫೆಬ್ರುವರಿ 14ರಂದು ಇಬ್ಬರನ್ನೂ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಎದುರುಬದುರು ನಿಲ್ಲಿಸಿದರು. ಇಬ್ಬರಿಗೂ ಅರವತ್ತು ದಾಟಿತ್ತು. ಎಬಿಸಿ ಟಿವಿಯಲ್ಲಿ ಪ್ರಸಾರ, ಹೋವರ್ಡ್ ಕೊಸೆಲ್ ವೀಕ್ಷಕ ವಿವರಣೆ. ದೇಶ ಕಾದು ಕೂತು ನೋಡಿತು. ಫ್ಯಾಟ್ಸ್ ಆಟದ ನಡುವೆಯೂ ಬಾಯಿ ಮುಚ್ಚಲಿಲ್ಲ. ಜನರನ್ನು ನಗಿಸಿದ, ಎದುರಾಳಿಯನ್ನು ಕೆಣಕಿದ. ಮಾಸ್ಕೋನಿ ಸಿಡಿಮಿಡಿಗೊಂಡರು, ಆದರೂ ಚೆಂಡು ಹಾಕುತ್ತಾ ಹೋದರು. ಗೆದ್ದದ್ದು ಮಾಸ್ಕೋನಿ, ಅದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಬಹಳ ವರ್ಷ ಕಾದಿದ್ದ ಉತ್ತರ ಟೇಬಲ್ ಮೇಲೆ ಸಿಕ್ಕಿತು. ಮರುದಿನವೂ ಜನ ಫ್ಯಾಟ್ಸ್ ಹೇಳಿದ ಜೋಕುಗಳನ್ನೇ ನೆನೆಸಿಕೊಂಡು ನಗುತ್ತಿದ್ದಿರಬೇಕು. ಮಾಸ್ಕೋನಿಯವರ ಸಂಕಟ ನಮಗೆ ಅರ್ಥವಾಗುತ್ತದೆ. ಆಲೂಗಡ್ಡೆಯಿಂದ 526ರವರೆಗೆ ನಡೆದು ಬಂದ ಮನುಷ್ಯ, ಬರೀ ಮಾತಿನವನ ಎದುರಾಳಿ ಅಂತ ಗುರುತಿಸಿಕೊಳ್ಳಬೇಕಾಯಿತು.

1984ರಲ್ಲಿ ಅಮೆರಿಕದ ಬಿಲಿಯರ್ಡ್ಸ್ ಸಂಸ್ಥೆ ಫ್ಯಾಟ್ಸ್‌ನನ್ನೂ ತನ್ನ ಗೌರವ ಪಟ್ಟಿಗೆ ಸೇರಿಸಿತು. ಆಟಗಾರ ಅಂತ ಅಲ್ಲ, ಆಟಕ್ಕೆ ಸೇವೆ ಮಾಡಿದವನು ಅಂತ. ಸಂಸ್ಥೆ ಇಲ್ಲಿ ಸರಿಯಾಗೇ ತೂಗಿದೆ ಅನ್ನಿಸುತ್ತದೆ.

1985ರಲ್ಲಿ ಎವಲಿನ್ ಜೊತೆ ವಿಚ್ಛೇದನವಾಯಿತು. ಫ್ಯಾಟ್ಸ್ ಡೌವೆಲ್ ಬಿಟ್ಟು ನ್ಯಾಶ್‌ವಿಲ್ ನಗರದ ಹರ್ಮಿಟೇಜ್ ಹೋಟೆಲ್ ಸೇರಿದ. ಹೋಟೆಲಿನವರು ಅವನಿಗಾಗಿ ಒಂದು ಟೇಬಲ್ ಹಾಕಿಸಿಕೊಟ್ಟಿದ್ದರು. ಹಗಲು ಹೊರಗೆ ಹೋಗಿ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದ. ಹಸ್ತಾಕ್ಷರ ಕೇಳಿಕೊಂಡು ಬಂದವರಿಗೆ ಪೆನ್ನು ತೆಗೆಯುತ್ತಿರಲಿಲ್ಲ. ಜೇಬಿನಲ್ಲಿ ರಬ್ಬರ್ ಸ್ಟಾಂಪ್ ಇಟ್ಟುಕೊಂಡಿದ್ದ. ಗ್ರಾಮ ಪಂಚಾಯಿತಿ ಗುಮಾಸ್ತನ ಹಾಗೆ ಒಂದು ಒತ್ತು ಒತ್ತಿ ಕಳಿಸುತ್ತಿದ್ದ. ಆ ಸ್ಟಾಂಪಿನಲ್ಲಿದ್ದ ಹೆಸರು ಟೆವಿಸ್ ಕಲ್ಪಿಸಿದ್ದು.

1993ರಲ್ಲಿ ತೆರೇಸಾ ಎಂಬಾಕೆಯನ್ನು ಮದುವೆಯಾದ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಾಸ್ಕೋನಿ ತೀರಿಕೊಂಡರು. ಎರಡು ವರ್ಷ ನಾಲ್ಕು ತಿಂಗಳ ನಂತರ ಇವನು.

ಫ್ಯಾಟ್ಸ್‌ನ ಸಮಾಧಿ ಕಲ್ಲಿನ ಮೇಲೂ ಜಂಬವೇ ಇದೆ. ಭೂಮಿಯ ಮೇಲಿನ ಪ್ರತಿ ಜೀವಿಯನ್ನೂ ಸೋಲಿಸಿ ಬಂದಿದ್ದೇನೆ ಅಂತ ಬರೆಸಲಾಗಿದೆ. ಕೆಳಗೆ, ಸ್ವರ್ಗದ ಬಾಗಿಲು ಕಾಯುವ ಸಂತ ಪೀಟರ್‌ಗೆ ಒಂದು ಅಪ್ಪಣೆ: ಚೆಂಡು ಜೋಡಿಸು, ಆಟ ಶುರು ಮಾಡೋಣ. ಮಾಸ್ಕೋನಿ ಆಗಲೇ ಅಲ್ಲಿ ಕೋಟು ಟೈ ಹಾಕಿಕೊಂಡು ಕಾಯುತ್ತಿದ್ದಾರೆ ಎನ್ನುವುದು ಆ ಕಲ್ಲಿನಲ್ಲಿ ಬರೆದಿಲ್ಲ.